ಕಾರ್ಯದರ್ಶಿಗಳ ಚಾಂಪಿಯನ್ ಶಾಫ್ಟು

ನಿವೃತ್ತ ಚೀಫ್ ಇಂಜಿನಿಯರ್ ಚಂದ್ರಮೌಳಿಯವರು ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿಯಾದ ಮೇಲೆ ಚೆಂಡಿಗೂ ಹುಕುಂ ಮಾಡುತ್ತಿದ್ದರು. ಒಂದು ದಿನ ಕೋಲು ರಿಪೇರಿ ಮಾಡುವ ಮಂಟೇಸನ ಶೆಡ್ಡಿಗೆ ಬಂದರು.

"ಹತ್ತಿರದ ಹೊಡೆತಕ್ಕೆ ಹಿಡಿಯೋ ಈ ವೆಡ್ಜ್ ಕೋಲಿನ ದಂಡ ತೆಗೆದು, ಟಿವಿಯಲ್ಲಿ ಬರೋ ಚಾಂಪಿಯನ್ನರ ಶಾಫ್ಟೇ ಹಾಕು."

"ನಿಮ್ಮ ಮಿಕ್ಕ ಐರನ್ ಕೋಲುಗಳ ಶಾಫ್ಟಿಗೆ ಹೊಂದೋ ತೂಕದ್ದು ಹಾಕಿದ್ರೆ ಕೈಗೆ ಒಗ್ಗುತ್ತೆ ಸಾರ್."

"ನನಗೇ ಪಾಠನಾ? ನಾಳೆ ರೆಡಿ ಇಲ್ಲದಿದ್ರೆ ಶೆಡ್ ಖಾಲಿ ಮಾಡು!"

ಮರುದಿನ ಮಂಟೇಸ ಶಾಫ್ಟಿಗೆ ಬಟ್ಟೆ ಸುತ್ತಿದ ಎರಡು ವೆಡ್ಜ್ ತಂದ. "ಒಂದು ಚಾಂಪಿಯನ್ನರದು, ಒಂದು ನಾನು ಹೇಳಿದ್ದು. ನಿಮ್ಮ ಕೈಗೆ ಗೊತ್ತಾಗದೇ ಇರುತ್ತಾ ಸಾರ್?" ಮೆಂಬರುಗಳೆಲ್ಲ ಸುತ್ತ ನೆರೆದರು.

ಸಾಹೇಬರು ಮೊದಲನೆಯದರಲ್ಲಿ ಹೊಡೆದ ಚೆಂಡು ಮರಳುಗುಂಡಿಗೆ ಬಿತ್ತು. ಎರಡನೆಯದರಲ್ಲಿ ಹೊಡೆದದ್ದು ಬಾವುಟದ ಬುಡದಲ್ಲೇ ನಿಂತಿತು.

"ಇದೇ ಚಾಂಪಿಯನ್ ಶಾಫ್ಟು!" ಸಾಹೇಬರು ಕೂಗಿದರು. "ಆ ಇನ್ನೊಂದು ಒನಕೆ. ಅದನ್ನ ಹಿಡಿಯೋನು ಶತಮೂರ್ಖ!"

ಮಂಟೇಸ ಬಟ್ಟೆ ಬಿಚ್ಚಿದ. ಒನಕೆಯ ಮೇಲೆ ಚಾಂಪಿಯನ್ನರ ಹೆಸರು ಹೊಳೆಯುತ್ತಿತ್ತು.

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಚಾಂಪಿಯನ್ನೇ ತಪ್ಪು ಮಾಡ್ತಿದಾನೆ. ಪತ್ರ ಬರೆದು ತಿಳಿಸಬೇಕು."

"ಬರೀರಿ ಸಾರ್," ಅಂದ ಮಂಟೇಸ. "ಶತಮೂರ್ಖ ಅಂದದ್ದನ್ನೂ ಬರೀರಿ. ಸಾಕ್ಷಿಗೆ ಇವರೆಲ್ಲ ಸಹಿ ಹಾಕ್ತಾರೆ."