ಬೆನ್ನ ಹಿಂದಿನ ಗಾಲಿ

"ಬುದ್ಧಿ, ಸತ್ತವರು ನಮ್ಮ ಬೆನ್ನು ಯಾಕೆ ಬಿಡುವುದಿಲ್ಲ?" ಎಂದು ಮಹಾಂತಯ್ಯ ಕೇಳಿದ.

ಅವನ ಅಣ್ಣ ತೀರಿಕೊಂಡು ಮೂರು ತಿಂಗಳಾಗಿತ್ತು. ಅಂದಿನಿಂದ ಅವನು ಮಠದ ಅಂಗಳದಲ್ಲಿ ನಡೆಯುವಾಗಲೂ ನಿಂತು ನಿಂತು ತಿರುಗಿ ನೋಡುತ್ತಿದ್ದ. ಗುರುಗಳು ಅದನ್ನು ಗಮನಿಸಿದ್ದರು. ಕೂರುವಂತೆ ಕೈಸನ್ನೆ ಮಾಡಿ ಕತೆ ಹೇಳತೊಡಗಿದರು.

ಇಟಲಿ ದೇಶದಲ್ಲಿ ಎಲಿಯೊ ಎಂಬ ಸೈಕಲ್ ಸವಾರನಿದ್ದ. ಪಂದ್ಯಗಳಲ್ಲಿ ಸೈಕಲ್ ತುಳಿಯುವುದೇ ಅವನ ಕಸುಬು. ಹದಿನಾಲ್ಕು ವರ್ಷ ತುಳಿದ. ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಗೆಲ್ಲುವುದು ಅವನ ಕೆಲಸವಾಗಿರಲಿಲ್ಲ. ಗೆಲ್ಲಬೇಕಾದವನು ಅವನ ತಂಡದ ನಾಯಕ. ನಾಯಕನ ಮುಂದೆ ಸಾಗುತ್ತ ಎದುರುಗಾಳಿಗೆಲ್ಲ ತಾನೇ ಎದೆಯೊಡ್ಡುವುದು ಎಲಿಯೊನ ಪಾಲಿಗೆ ಬಂದ ಕೆಲಸ. ನಾಯಕ ಅವನ ಗಾಲಿಗೆ ಒಂದು ಗೇಣು ಹಿಂದೆ, ಗಾಳಿಯ ಮರೆಯಲ್ಲಿ, ದಣಿಯದೆ ಬರುತ್ತಿದ್ದ. ಗುರಿ ಹತ್ತಿರವಾದಾಗ ಎಲಿಯೊ ಮೊಣಕೈ ಆಡಿಸಿ ಸನ್ನೆ ಕೊಟ್ಟು ಪಕ್ಕಕ್ಕೆ ಸರಿಯುವನು. ನಾಯಕ ಮುಂದೆ ನುಗ್ಗಿ ಗೆಲ್ಲುವನು.

ಎಲಿಯೊ ಎಂದೂ ಹಿಂತಿರುಗಿ ನೋಡಿದವನಲ್ಲ. ಹಿಂದಿನ ಸರಪಳಿಯ ಸದ್ದು, ಆ ಉಸಿರು ಕಿವಿಗೆ ಬೀಳುತ್ತಿದ್ದರೆ ಅವನಿಗೆ ಸಾಕಿತ್ತು.

ಹದಿನಾಲ್ಕನೆಯ ವರ್ಷ ಒಂದು ಪಂದ್ಯದಲ್ಲಿ ಘಟ್ಟ ಇಳಿಯುವಾಗ ಮಂಜು ಕವಿಯಿತು. ಹತ್ತು ಮಾರು ಮುಂದಿನ ರಸ್ತೆ ಕಾಣುತ್ತಿರಲಿಲ್ಲ. ಬೆನ್ನ ಹಿಂದೆ ಸರಪಳಿಯ ಸದ್ದಿತ್ತು, ಉಸಿರಿತ್ತು. ಇಪ್ಪತ್ತೆಂಟು ತಿರುವುಗಳನ್ನು ಇಳಿದು ಎಲಿಯೊ ಬಯಲಿಗೆ ಬಂದ. ತಂಡದವರು ಅವನನ್ನು ತಡೆದು ನಿಲ್ಲಿಸಿದರು. ಮೇಲೆ, ಎರಡನೆಯ ತಿರುವಿನಲ್ಲೇ, ನಾಯಕ ಕಮರಿಗೆ ಬಿದ್ದು ಸತ್ತನೆಂದು ಹೇಳಿದರು.

"ಇಲ್ಲ, ನನ್ನ ಹಿಂದೆಯೇ ಇದ್ದಾನೆ," ಎಂದ ಎಲಿಯೊ. ಆಗ ಮೊದಲ ಸಲ ತಿರುಗಿ ನೋಡಿದ. ರಸ್ತೆ ಖಾಲಿಯಾಗಿತ್ತು.

ಆ ವರ್ಷವೇ ಅವನು ಪಂದ್ಯಗಳನ್ನು ಬಿಟ್ಟ. ಆದರೆ ಸೈಕಲ್ ಹತ್ತಿದರೆ ಸಾಕು, ಹಿಂದೆ ಅದೇ ಸರಪಳಿಯ ಸದ್ದು. ಅವನು ಜೋರಾಗಿ ತುಳಿದರೆ ಅದೂ ಜೋರಾಗುತ್ತಿತ್ತು. ನಿಂತರೆ ನಿಲ್ಲುತ್ತಿತ್ತು. ಹೆದರಿ ಸೈಕಲ್ ಮುಟ್ಟುವುದನ್ನೇ ಬಿಟ್ಟ. ಆಮೇಲೆ ನಡೆದು ಹೋಗುವಾಗ ಉಸಿರು ಮಾತ್ರ ಕೇಳಿಸತೊಡಗಿತು. ಮಾರುಕಟ್ಟೆಯ ಗದ್ದಲದ ನಡುವೆಯೂ ಅದು ಒಂದು ಗೇಣು ಹಿಂದೆಯೇ ಇರುತ್ತಿತ್ತು. ಹೀಗೆ ಎಂಟು ವರ್ಷ ಕಳೆದವು. ಎಲಿಯೊ ಬಡಕಲಾದ, ಜನರಿಗೆ ಬೆನ್ನು ಕೊಟ್ಟು ಕೂರಲಾರದವನಾದ.

ಕೊನೆಗೆ ಅವನು ನಾಯಕನ ತಾಯಿಯ ಬಳಿಗೆ ಹೋದ. ಆಕೆ ಮುದುಕಿ. ಬಾಗಿಲಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದಳು.

"ಅಮ್ಮ, ನಿಮ್ಮ ಮಗ ಇನ್ನೂ ನನ್ನ ಹಿಂದೆ ಬರುತ್ತಾನೆ. ಆ ದಿನ ನಾನು ತಿರುಗಿ ನೋಡಿದ್ದರೆ ಅವನು ಉಳಿಯುತ್ತಿದ್ದ."

"ನೀನು ನೋಡಿದ್ದರೂ ಬೀಳುತ್ತಿದ್ದ," ಎಂದಳು ಮುದುಕಿ. ಕೈಕೆಲಸ ನಿಲ್ಲಿಸಲಿಲ್ಲ. "ಪಂದ್ಯದ ಕೊನೆಯಲ್ಲಿ ನೀನು ಏನು ಮಾಡುತ್ತಿದ್ದೆ?"

"ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಡುತ್ತಿದ್ದೆ."

"ಆ ದಿನ ಬಿಟ್ಟೆಯಾ?"



ಮರುದಿನ ಬೆಳಿಗ್ಗೆ ಎಲಿಯೊ ಹಳೆಯ ಸೈಕಲ್ ಹೊರತೆಗೆದು ಆ ಘಟ್ಟಕ್ಕೆ ಹೋದ. ಮೇಲೆ ಮಂಜು ಕವಿದಿತ್ತು. ಇಳಿಯತೊಡಗುತ್ತಿದ್ದಂತೆ ಹಿಂದೆ ಸರಪಳಿಯ ಸದ್ದು ಹುಟ್ಟಿತು. ಮೊದಲ ತಿರುವು ಕಳೆಯಿತು. ಎರಡನೆಯದೂ ಕಳೆಯಿತು.  ಅವನು ಮೊಣಕೈ ಆಡಿಸಿ ಪಕ್ಕಕ್ಕೆ ಸರಿದ.

ಸದ್ದು ಹತ್ತಿರ ಬಂತು. ಅವನ ಸಮಕ್ಕೆ ಬಂತು. ಯಾರದೋ ಬಿಸಿಯುಸಿರು ಎಡಗಿವಿಗೆ ತಾಗಿತು. ಎಲಿಯೊ ಕಣ್ಣು ಮುಚ್ಚಲಿಲ್ಲ. ಪಕ್ಕದಲ್ಲಿ ಯಾರೂ ಇರಲಿಲ್ಲ. ಆದರೆ ಅವನ ಮುಂದೆ, ಒದ್ದೆ ರಸ್ತೆಯ ಮೇಲೆ, ಗಾಲಿಯ ಗೆರೆಯೊಂದು ತಾನಾಗಿ ಮೂಡುತ್ತ ಮಂಜಿನೊಳಗೆ ಹೋಯಿತು. ಎಲಿಯೊ ಆ ಗೆರೆಯನ್ನೇ ಹಿಡಿದು ಉಳಿದ ತಿರುವುಗಳನ್ನೆಲ್ಲ ಇಳಿದು ಬಯಲಿಗೆ ಬಂದ. ಅಲ್ಲಿ ಸೈಕಲ್ ನಿಲ್ಲಿಸಿ ಬಹಳ ಹೊತ್ತು ಕಿವಿಗೊಟ್ಟ. ಹಿಂದೆ ಏನೂ ಕೇಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಹಾಂತಯ್ಯ ನಿಟ್ಟುಸಿರಿಟ್ಟ.

"ಹಾಗಾದರೆ ಕೊನೆಗೂ ನಾಯಕ ಅವನನ್ನು ಬಿಟ್ಟು ಹೋದ, ಅಲ್ಲವೇ ಬುದ್ಧಿ?"

"ಬೆನ್ನು ಬಿಟ್ಟ, ಆದರೆ ಅಂದಿನಿಂದ ಇಂದಿನವರೆಗೆ ಎಲಿಯೊನ ಎದೆಗೆ ಎದುರುಗಾಳಿ ತಾಗಿಲ್ಲ."