ಪಕ್ಕಕ್ಕೆ ತಿರುಗಿಸಿದ ಚಿತ್ರ

ಒಂದು ಊರಿನ ದೊಡ್ಡಾಸ್ಪತ್ರೆಯಲ್ಲಿ ಸಲ್ಡಾನ ಎಂಬ ಹಿರಿಯ ವೈದ್ಯರಿದ್ದರು. ರಕ್ತನಾಳಗಳ ಶಸ್ತ್ರಚಿಕಿತ್ಸೆಯಲ್ಲಿ ಅವರದು ಪಳಗಿದ ಕೈ. ಅವರ ಬಳಿ ಕಲಿತು ಅಲ್ಲೇ ಕೆಲಸ ಮಾಡುತ್ತಿದ್ದವಳು ಡಾಕ್ಟರ್ ಮಂದಾಕಿನಿ. ಜಾಣೆ, ಮೃದು ಮಾತಿನವಳು. ರೋಗಿಗಳ ಮುಖ ಬಾಡಿದರೆ ಅವಳಿಗೆ ತಡೆಯುತ್ತಿರಲಿಲ್ಲ.

ಒಂದು ದಿನ ಆಂಜನಪ್ಪ ಎಂಬ ನಾದಸ್ವರದ ವಿದ್ವಾಂಸರು ಹೆಂಡತಿ ಪಾಪಮ್ಮನ ಜೊತೆ ಬಂದರು. ಹೊಟ್ಟೆಯಲ್ಲಿ ಏನೋ ಮಿಡಿಯುತ್ತದೆ ಎಂಬುದು ಅವರ ದೂರು. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಕಾರಣ ಗೊತ್ತಾಯಿತು. ಹೃದಯದಿಂದ ಇಳಿದು ಕಾಲುಗಳ ಕಡೆಗೆ ರಕ್ತ ಒಯ್ಯುವ ಮಹಾಪಧಮನಿ ಒಂದು ಕಡೆ ಬಲೂನಿನಂತೆ ಉಬ್ಬಿತ್ತು. ಹಾಗೇ ಬಿಟ್ಟರೆ ಅದು ಒಡೆಯಬಹುದು. ಒಡೆದರೆ ಆಸ್ಪತ್ರೆ ಸೇರುವಷ್ಟರಲ್ಲೇ ಪ್ರಾಣ ಹೋಗುವುದುಂಟು.

ಆಂಜನಪ್ಪನವರು ಕೇಳಿದ್ದು ಒಂದೇ ಮಾತು. "ಹೊಟ್ಟೆ ಕುಯ್ಯಬೇಕಾ ಡಾಕ್ಟ್ರಮ್ಮ? ನನ್ನ ದಮ್ಮೆಲ್ಲ ಅಲ್ಲಿಂದಲೇ ಬರೋದು."

ಅವರ ಮುಖ ಬಾಡಿತು. ಮಂದಾಕಿನಿ ತಡಮಾಡದೆ ಹೇಳಿದಳು. "ಕುಯ್ಯೋದು ಬೇಡ. ತೊಡೆಯ ಸಂದಿಯಿಂದ ಒಂದು ಕೊಳವೆ ತೂರಿಸಿ ಉಬ್ಬಿದ ನಾಳದ ಒಳಗೇ ಕೂರಿಸ್ತೀವಿ. ರಕ್ತ ಅದರೊಳಗೇ ಹರಿಯುತ್ತೆ, ಉಬ್ಬಿನ ಮೇಲೆ ಒತ್ತಡ ಬೀಳಲ್ಲ. ಬೇಗ ಮನೆಗೆ ಹೋಗ್ತೀರಿ."

ಗಂಡಹೆಂಡತಿ ನಗುತ್ತಾ ಹೋದರು.

ಎರಡು ದಿನ ಬಿಟ್ಟು ಆಂಜನಪ್ಪನವರನ್ನು ಆಸ್ಪತ್ರೆಗೆ ಸೇರಿಸಿಕೊಂಡು, ಕೊಳವೆಯ ಅಳತೆ ಗೊತ್ತುಮಾಡಲು, ನಾಳಗಳು ಎದ್ದು ಕಾಣುವಂತೆ ಮಾಡುವ ಔಷಧಿ ಚುಚ್ಚಿ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಯಂತ್ರವು ಹೊಟ್ಟೆಯನ್ನು ತೆಳುತೆಳು ಪದರಗಳಾಗಿ ಸೆರೆಹಿಡಿದು, ಅವನ್ನೆಲ್ಲ ಕೂಡಿಸಿ ನಾಳದ ಇಡೀ ಆಕಾರವನ್ನು ಪರದೆಯ ಮೇಲೆ ನಿಲ್ಲಿಸಿತು. ಮಂದಾಕಿನಿ ಎದುರಿನಿಂದ ನೋಡಿದಳು. ಉಬ್ಬಿಗಿಂತ ಮೇಲೆ, ಮೂತ್ರಪಿಂಡದ ನಾಳಗಳ ಕೆಳಗೆ, ಕೊಳವೆ ಕಚ್ಚಿ ಕೂರಬೇಕಾದ ಜಾಗ ನೇರವಾಗಿಯೇ ಕಂಡಿತು. ಅವಳಿಗೆ ಸಮಾಧಾನವಾಯಿತು.

ಪಕ್ಕದಲ್ಲಿ ನಿಂತಿದ್ದ ಸಲ್ಡಾನರು, "ತಿರುಗಿಸು," ಎಂದರು.

ಅವಳು ಚಿತ್ರವನ್ನು ಪಕ್ಕಕ್ಕೆ ತಿರುಗಿಸಿದಳು. ನೇರವಾಗಿದ್ದ ಜಾಗ ಮೊಣಕೈಯಂತೆ ಮುಂದಕ್ಕೆ ಬಾಗಿತ್ತು. ಸಾಲದೆಂಬಂತೆ, ಕೆಳಗೆ ಇಳಿದಂತೆಲ್ಲ ಅಗಲವಾಗುತ್ತಾ ಹೋಗಿತ್ತು. ಕೊಳವೆ ಕಚ್ಚಿಕೊಳ್ಳಲು ಗಟ್ಟಿಯಾದ ನೇರ ಗೋಡೆಯೇ ಇರಲಿಲ್ಲ. ಮಂದಾಕಿನಿ ಮತ್ತೆ ಅಳೆದಳು. ಅಳತೆ ಬದಲಾಗಲಿಲ್ಲ.

"ಆದರೂ ಹಿಡಿದುಕೊಳ್ಳಬಹುದು ಸಾರ್," ಎಂದಳು.

"ಹಿಡಿದುಕೊಳ್ಳಬಹುದು. ಹಿಡಿಯದಿದ್ದರೆ?"

"ಪಕ್ಕದಿಂದ ರಕ್ತ ಸೋರಿ ಉಬ್ಬು ಬೆಳೀತಾ ಹೋಗುತ್ತೆ."

"ಅದು ಅವರಿಗೆ ಗೊತ್ತಾಗುತ್ತಾ?"

ಅವಳು ತಲೆಯಾಡಿಸಿದಳು. "ಇಲ್ಲ. ವಾಸಿಯಾಯಿತು ಅಂದುಕೊಂಡು ನಾದಸ್ವರ ಊದ್ತಾ ಇರ್ತಾರೆ." ಮತ್ತೆ ಹೇಳಿದಳು. "ಕುಯ್ಯಲ್ಲ ಅಂತ ನಾನು ಮಾತು ಕೊಟ್ಟಿದ್ದೀನಿ ಸಾರ್."

"ಹಾಗಾದರೆ ಈ ಚಿತ್ರ ಯಾಕೆ ತೆಗೆಸಿದೆ?" ಎಂದು ಕೇಳಿ ಸಲ್ಡಾನರು ತಮ್ಮ ಕೆಲಸಕ್ಕೆ ಹೊರಟುಹೋದರು.

ಮಂದಾಕಿನಿ ಪರದೆಯ ಮುಂದೆ ಒಬ್ಬಳೇ ಕೂತಳು. ಆಮೇಲೆ ಎದ್ದು ಆಂಜನಪ್ಪನವರ ಹಾಸಿಗೆಯ ಬಳಿ ಹೋಗಿ ಇದ್ದುದನ್ನು ಇದ್ದಂತೆ ಹೇಳಿದಳು. ಈ ನಾಳಕ್ಕೆ ಆ ಕೊಳವೆಯನ್ನು ನಂಬುವಂತಿಲ್ಲ, ಹೊಟ್ಟೆ ತೆರೆದು ಉಬ್ಬಿದ ಜಾಗದಲ್ಲಿ ನಾಳದ ಬದಲಿಗೆ ವಿಶೇಷ ಬಟ್ಟೆಯಿಂದ ಮಾಡಿದ ಕೊಳವೆ ಹೊಲಿಯಬೇಕು ಎಂದಳು.

ಆಂಜನಪ್ಪನವರು ಸಿಟ್ಟಾದರು. "ಮೊನ್ನೆ ಒಂದು ಹೇಳಿದ್ರಿ. ಇವತ್ತು ಇನ್ನೊಂದು ಹೇಳ್ತೀರಿ. ಯಾವುದನ್ನ ನಂಬಲಿ?"

"ಮೊನ್ನೆ ನೋಡದೆ ಹೇಳಿದೆ. ಅದು ನನ್ನ ತಪ್ಪು. ಇವತ್ತು ನೋಡಿ ಹೇಳ್ತಿದ್ದೀನಿ."

"ಆಮೇಲೆ ನಾನು ಊದಬಹುದಾ?"

ಹೌದು ಎನ್ನುವುದು ಎಷ್ಟು ಸುಲಭ ಎಂದು ಅವಳಿಗನ್ನಿಸಿತು. ಆದರೂ, "ಬಹಳ ದಿನ ಊದೋಕಾಗಲ್ಲ. ಆಮೇಲೂ ಮೊದಲಿನ ದಮ್ಮು ಬರುತ್ತೋ ಇಲ್ಲವೋ ನನಗೆ ಗೊತ್ತಿಲ್ಲ," ಎಂದಳು.

ಆಂಜನಪ್ಪನವರು ಬಟ್ಟೆಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಟರು. ಎಷ್ಟು ಹೇಳಿದರೂ ನಿಲ್ಲಲಿಲ್ಲ. ಆದರೆ ಬಸ್ ನಿಲ್ದಾಣದಲ್ಲಿ ಪಾಪಮ್ಮ ಗಂಡನಿಗೆ ಹೇಳಿದರು. "ಮೊದಲು ಹಿತವಾಗಿ ಮಾತಾಡಿದಾಗ ಆಯಮ್ಮನ್ನ ನಂಬಿದ್ರಿ. ಈಗ ನಿಮ್ಮ ಕೈಲಿ ಬೈಸಿಕೊಂಡು ಹೇಳ್ತಾ ಅವರೆ. ಸುಳ್ಳು ಹೇಳೋರು ಹಿಂಗೆ ಬೈಸಿಕೊಳ್ತಾರಾ?"

ಬಸ್ಸು ಬಂತು, ಆಂಜನಪ್ಪನವರು ಹತ್ತಲಿಲ್ಲ. ಇಬ್ಬರೂ ಹಿಂದಿರುಗಿ ಬಂದರು. "ಆ ಚಿತ್ರ ನನಗೂ ತೋರಿಸಿ," ಎಂದು ಆಂಜನಪ್ಪನವರು ಕೇಳಿದರು. ಮಂದಾಕಿನಿ ಮೊದಲು ಎದುರಿನಿಂದ ತೋರಿಸಿದಳು, ಆಮೇಲೆ ಪಕ್ಕಕ್ಕೆ ತಿರುಗಿಸಿದಳು. ಅವರು ಬಾಗಿದ ಜಾಗವನ್ನು ಬಹಳ ಹೊತ್ತು ದಿಟ್ಟಿಸಿ, "ಆಗಲಿ, ಮಾಡಿ," ಎಂದರು.

ಶಸ್ತ್ರಚಿಕಿತ್ಸೆ ನಡೆಯಿತು. ಒಳಗೆ ನಾಳ ಚಿತ್ರದಲ್ಲಿ ಕಂಡ ಹಾಗೆಯೇ ಬಾಗಿತ್ತು. ಎಲ್ಲಿ ಹಿಡಿಯಬೇಕು, ಎಲ್ಲಿ ಹೊಲಿಯಬೇಕು ಎಂಬುದು ಮೊದಲೇ ಗೊತ್ತಿದ್ದುದರಿಂದ ಗುರುಶಿಷ್ಯರ ಕೈ ಎಲ್ಲೂ ತಡವರಿಸಲಿಲ್ಲ. ಆಂಜನಪ್ಪನವರು ಬದುಕಿದರು. ಚೇತರಿಕೆ ಮಾತ್ರ ನಿಧಾನವಾಯಿತು, ನೋವು ಬಹಳವಿತ್ತು. ಆ ವರ್ಷದ ಮದುವೆಗಳೆಲ್ಲ ಅವರ ಕೈತಪ್ಪಿದವು. ಮತ್ತೆ ವಾದ್ಯ ಹಿಡಿದಾಗ ಉದ್ದನೆಯ ರಾಗಾಲಾಪನೆಯನ್ನು ಜೊತೆಗೆ ಊದುತ್ತಿದ್ದ ತಮ್ಮನಿಗೆ ಬಿಟ್ಟು, ಚಿಕ್ಕ ಕೀರ್ತನೆಗಳನ್ನಷ್ಟೇ ತಾವು ನುಡಿಸುತ್ತಿದ್ದರು.

ಒಮ್ಮೆ ತಪಾಸಣೆಗೆ ಬಂದಾಗ ಕೇಳಿದರು. "ಡಾಕ್ಟ್ರಮ್ಮ, ಆ ಕೊಳವೆಯನ್ನೇ ಹಾಕಿದ್ದರೆ ನಾನು ಸಾಯ್ತಿದ್ದೆ ಅಲ್ವಾ?"

"ಗೊತ್ತಿಲ್ಲ. ಹಿಡಿದುಕೊಂಡೂ ಇರಬಹುದಿತ್ತು," ಎಂದಳು ಮಂದಾಕಿನಿ.

ಆಂಜನಪ್ಪನವರು ನಕ್ಕರು. "ಇನ್ನು ನೀವು ಏನು ಹೇಳಿದರೂ ನಂಬ್ತೀನಿ," ಎಂದರು.

ನೀತಿ: ನೋಡುವ ಮೊದಲು ಮಾತು ಕೊಡಬಾರದು. ಕೊಟ್ಟಿದ್ದರೆ, ಕಂಡ ಸತ್ಯಕ್ಕೆ ತಕ್ಕಂತೆ ಅದನ್ನು ತಿದ್ದಿಕೊಳ್ಳಲು ನಾಚಬಾರದು.