ಹೊಸಿಲು ದಾಟದ ಕೌಲಿ

ಒಂದು ಸೀಮೆಯಲ್ಲಿ ಒಬ್ಬ ರಾಜ ಇದ್ದ. ಕೆಲಸಗಾರರಿಗೆಂದು ಕೆರೆಯ ಪಕ್ಕ ನೂರು ಮನೆ ಕಟ್ಟಿಸಿದ. ಅಲ್ಲಿಯವರೆಗೆ ಸರಿ. ಮನೆಗಳ ನಡುವಿನ ತೋಟವನ್ನು ತಮ್ಮಾಜಯ್ಯ ಎಂಬ ಅಧಿಕಾರಿಯ ಕೈಗೆ ಕೊಟ್ಟ. ಅಲ್ಲಿಗೆ ಕೆಟ್ಟಿತು.

ತಮ್ಮಾಜಯ್ಯನ ಕಣ್ಣಿಗೆ ತುಂಬೆ ಕಸ, ಗರಿಕೆ ಕಸ, ಉದುರಿದ ಎಲೆಯೂ ಕಸ. ಹೊಂಗೆ ಕಡಿಸಿದ, ಅತ್ತಿ ಕಡಿಸಿದ. ದೂರದೇಶದ ಹುಲ್ಲನ್ನು ಚಾಪೆಯಂತೆ ಹಾಸಿ, ಅಲ್ಲಿಂದಲೇ ತಂದ ಬಣ್ಣಬಣ್ಣದ ಹೂಗಿಡ ಇಟ್ಟ. ಕೋಲಿನಂಥ ಮರಗಳನ್ನು ಸಾಲಾಗಿ ನೆಟ್ಟ. ಸುತ್ತ ಗೋಡೆ ಎಬ್ಬಿಸಿ, "ನೋಡ್ಕೊಳ್ಳಿ, ಒಂದು ಇರುವೆ ಇಲ್ಲ!" ಎಂದು ಮೀಸೆ ತಿರುವಿದ.

ಕೆರೆಯ ಬಳಿ ಕೌಲಿ ಎಂಬ ಮುದಿ ಹಸು ಇದ್ದಳು. ಆ ಸೀಮೆಯಲ್ಲಿ ಯಾರ ಗೃಹಪ್ರವೇಶವಾದರೂ ಮೊದಲು ಒಳಗೆ ಹೋಗುವವಳು ಅವಳೇ. ಅವಳು ಕಾಲಿಡದ ಮನೆಯಲ್ಲಿ ಯಾರೂ ಹಾಲುಕ್ಕಿಸುತ್ತಿರಲಿಲ್ಲ. ಅದಕ್ಕೇ ನೆಲೆ ಕಳೆದುಕೊಂಡವರೆಲ್ಲ ಅವಳನ್ನು ಹುಡುಕಿಕೊಂಡು ಬಂದರು.

ಸೂರಕ್ಕಿ ಬಂತು. "ಕೌಲಕ್ಕಾ, ತೋಟದ ತುಂಬ ಹೂವಿದೆ, ಒಂದರಲ್ಲೂ ಜೇನಿಲ್ಲ. ಮರಿಗಳಿಗೆ ಒಂದು ಹುಳವೂ ಸಿಗ್ತಿಲ್ಲ."

ಕೌಲಿ ಹೋಗಿ ಕೇಳಿದಳು. "ಹೂವು ನೋಡೋಕೆ, ನೆಕ್ಕೋಕಲ್ಲ" ಅಂದ ತಮ್ಮಾಜಯ್ಯ.

ಕಪ್ಪೆ ಬಂತು. "ತೋಟದ ಕೊಳದ ಸುತ್ತ ನುಣ್ಣನೆ ಕಲ್ಲು ಕಟ್ಟಿದ್ದಾನೆ. ಇಳಿದ ನಮ್ಮವರು ಹತ್ತಲಾರದೆ ಸತ್ತರು. ಮಳೆ ಬರೋ ಹೊತ್ತು, ಮೊಟ್ಟೆ ಎಲ್ಲಿಡಲಿ?"

ಕೌಲಿ ಮತ್ತೆ ಹೋದಳು. "ಇಳೀಬೇಡ ಅಂತ ಹೇಳು" ಅಂದ.

ಮುಂಗುಸಿ ಬಂತು. "ಗೋಡೇಲಿ ಒಂದು ಕಿಂಡಿ ಇಲ್ಲ. ಕೆರೆಗೆ ಹೋಗೋಕೆ ರಾಜಬೀದಿ ಸುತ್ತಬೇಕು. ನಿನ್ನೆ ನನ್ನ ಮರಿ ಗಾಡಿ ಚಕ್ರಕ್ಕೆ ಸಿಕ್ಕಿತು."

ಕೌಲಿ ಮತ್ತೂ ಹೋದಳು. "ನೀನು ಹಸು, ಹಸುವಿನ ಥರ ಇರು. ನಿನಗ್ಯಾಕೆ ಊರ ಉಸಾಬರಿ?" ಅಂದ.

ಕೌಲಿಗೆ ರೋಸಿಹೋಯಿತು. ಒಂದು ಕಿಂಡಿ! ಒಂದು ಇಳಿಜಾರು! ನಾಲ್ಕು ತುಂಬೆ ಗಿಡ! ಇಷ್ಟಕ್ಕೆ ಎಷ್ಟು ಸಲ ಈ ಮನುಷ್ಯನ ಮುಂದೆ ತಲೆ ಬಗ್ಗಿಸಬೇಕು?

ಗೃಹಪ್ರವೇಶದ ದಿನ ಬಂತು. ವಾಲಗ ಊದಿದರು. ಕೌಲಿ ಮೊದಲ ಮನೆಯ ಹೊಸಿಲ ಮುಂದೆ ನಾಲ್ಕು ಕಾಲೂರಿ ನಿಂತಳು. ಬೆಲ್ಲ ತೋರಿಸಿದರು, ಹಗ್ಗ ಎಳೆದರು, ಹಿಂದಿನಿಂದ ನೂಕಿದರು. ಊಹೂಂ.

"ಯಾಕವ್ವಾ?" ಅಂದ ರಾಜ.

"ತಿನ್ನೋಕೆ, ಮಲಗೋಕೆ ಗತಿಯಿಲ್ಲದ ಜಾಗಕ್ಕೆ ಹಸು ಕಾಲಿಡಬಾರದು ಸ್ವಾಮಿ."

ತಮ್ಮಾಜಯ್ಯ ಹಾರಿಬಿದ್ದ. "ಸುಳ್ಳು! ನನ್ನ ತೋಟದಲ್ಲಿ ಇಲ್ಲದ ಸುಖವೇ ಇಲ್ಲ!"

"ಹಾಗಾದರೆ ನನ್ನ ಬದಲು ನೀವೇ ಇದ್ದು ತೋರಿಸಿ ಬುದ್ಧೀ. ಹೊತ್ತು ಮುಳುಗೋವರೆಗೆ ಕದಲಬಾರದು. ಆಮೇಲೂ ಸುಖ ಅಂದರೆ, ನೂರು ಮನೆಗೂ ಕುಣೀತಾ ಹೋಗ್ತೀನಿ."

"ಅಷ್ಟೇನಾ!" ಎಂದು ತಮ್ಮಾಜಯ್ಯ ಹುಲ್ಲಿನ ಮೇಲೆ ಕಾಲು ಚಾಚಿದ. ರಾಜನೂ ಒಪ್ಪಿದ.

ಬಿಸಿಲೇರಿತು. ಕೋಲುಮರದ ನೆರಳು ಕೋಲಿನಷ್ಟೇ. ಅದರ ಹಿಂದೆಯೇ ಅವನು ತೆವಳಿದ. "ನೆರಳು ಆ ಕಡೆ ಹೋಯ್ತು ಬುದ್ಧೀ, ಓಡಿ!" ಎಂದು ಹೆಂಗಸರು ನಕ್ಕರು. ಹಸಿವಾಯಿತು, ಕಿತ್ತು ತಿನ್ನಲು ಒಂದು ಕಾಯಿಲ್ಲ. ಸಂಜೆ ಸೊಳ್ಳೆ ಎದ್ದವು. ಅವನ್ನು ನುಂಗುವವರೆಲ್ಲ ಸತ್ತಿದ್ದರಲ್ಲ! ಮುಖ ಕೆರೆದು ಕೆರೆದು ತಮ್ಮಾಜಯ್ಯ ಕಿರುಚಿದ: "ಅಯ್ಯೋ, ಒಂದು ಹೊಂಗೆ ಮರ ಬಿಟ್ಟಿದ್ದರೆ! ನಾಲ್ಕು ಕಪ್ಪೆ ಇದ್ದಿದ್ದರೆ!"

"ಏನಂದೆ? ಇನ್ನೊಂದ್ಸಲ ಹೇಳು" ಅಂದ ರಾಜ.

ಮಾರನೆಯ ಬೆಳಿಗ್ಗೆ ತಮ್ಮಾಜಯ್ಯನೇ ಹಾರೆ ಹಿಡಿದು ಗೋಡೆಗೆ ಕಿಂಡಿ ಒಡೆದ. ಕೊಳದ ಕಲ್ಲು ಕಿತ್ತು ಮಣ್ಣಿನ ಇಳಿಜಾರು ಮಾಡಿದ. ಕಡಿದಲ್ಲೆಲ್ಲ ಹೊಂಗೆ, ಅತ್ತಿ ನೆಟ್ಟ, ಬುಡದಲ್ಲಿ ತುಂಬೆ ಬಿತ್ತಿದ. ಬಿದ್ದ ಎಲೆಯನ್ನು ಗುಡಿಸಕೂಡದೆಂದು ರಾಜ ಡಂಗುರ ಸಾರಿಸಿದ.

ಮತ್ತೆ ವಾಲಗ ಊದಿದರು. ಎಲ್ಲರೂ ಕೌಲಿಯತ್ತ ನೋಡಿದರು. ಅವಳು ಪಕ್ಕಕ್ಕೆ ಸರಿದು, ಮುಂಗುಸಿ ಉಳಿದ ಮರಿಗಳೊಡನೆ ಕಿಂಡಿ ದಾಟುವವರೆಗೆ ಕಾದಳು. ಆಮೇಲೆ ಹೊಸಿಲು ದಾಟಿದಳು.

ಮನೆ ಕಟ್ಟುವವರೇ, ನೆಟ್ಟಗೆ ಕೇಳಿ. ಆ ನೆಲ ನಿಮಗಿಂತ ಮೊದಲು ಇನ್ನೊಬ್ಬರ ಮನೆಯಾಗಿತ್ತು. ಅವರಿಗೆ ತುತ್ತು, ನೀರು, ದಾರಿ ಬಿಟ್ಟು ಆಮೇಲೆ ತೋಟ ಮಾಡಿ. ಅವರು ಬದುಕಲಾರದ ಕಡೆ ನೀವೂ ಬದುಕಲಾರಿರಿ.